ತಾಯಿಯನ್ನು ಮರಣದಲ್ಲಿ ನೋಡಬೇಡಿ

ಶರಣರ ಗುಣವನ್ನು ಮರಣದಲ್ಲಿ ನೋಡು ಅನ್ನುವ ಗಾದೆಯನ್ನು ನಾವು ಸಲೀಸಾಗಿ ಆಡಿಬಿಡುತ್ತೇವೆ. ಅದು ಎಂಥ ಕಠಿಣ ತೀರ್ಪು ಎಂಬುದು ಆಡುವಾಗ ಹೊಳೆಯುವುದಿಲ್ಲ. ನಿದ್ದೆಯಲ್ಲೇ ಕಣ್ಣು ಮುಚ್ಚಿದವರನ್ನು ಪುಣ್ಯವಂತರು ಅನ್ನುತ್ತೇವೆ. ವರ್ಷಗಟ್ಟಲೆ ಹಾಸಿಗೆ ಹಿಡಿದು ಹೋದವರ ಮಾತು ಬಂದಾಗ ದನಿ ತಗ್ಗಿಸಿ, ಯಾವ ಜನ್ಮದ ಕರ್ಮವೋ ಅನ್ನುತ್ತೇವೆ. ಎಂಟು ದಶಕಗಳ ಬದುಕಿನ ಬೆಲೆಯನ್ನು ಕೊನೆಯ ಕೆಲವು ತಿಂಗಳುಗಳಿಂದ ಕಟ್ಟುವ ಈ ಲೆಕ್ಕ ಯಾರಿಗೂ ನ್ಯಾಯವಾದದ್ದಲ್ಲ. ದೀರ್ಘ ಕಾಯಿಲೆಯಲ್ಲಿ ಸವೆದು ಹೋದ ತಾಯಂದಿರಿಗಂತೂ, ಅದರಲ್ಲೂ ಹೊಸಿಲು ದಾಟಿ ಊರೂರು ತಿರುಗಿದ, ಬೆಟ್ಟ ಹತ್ತಿದ, ಬೇಡವೆಂದವರ ಮಾತು ಕೇಳದ ತಾಯಂದಿರಿಗೆ, ಇದರಿಂದ ಆಗುವ ಅನ್ಯಾಯ ದೊಡ್ಡದು.

ಅಂಥ ಒಬ್ಬ ತಾಯಿ ತೀರಿಕೊಂಡ ಮನೆಗೆ ಮಾತಾಡಿಸಿಕೊಂಡು ಬರಲು ಹೋದವರಿಗೆ ಅಲ್ಲಿ ನಡೆಯುವ ಮಾತು ಗೊತ್ತು. ಕಾಯಿಲೆ ಯಾವಾಗ ಗೊತ್ತಾಯಿತು, ಮೊದಲು ಯಾವ ಆಸ್ಪತ್ರೆಗೆ ತೋರಿಸಿದಿರಿ, ಕೀಮೋ ಎಷ್ಟು ಸಲ ಕೊಟ್ಟರು, ಊಟ ಯಾವಾಗ ಬಿಟ್ಟರು, ಕೊನೆಗೆ ಗುರುತು ಹಿಡಿಯುತ್ತಿದ್ದರಾ. ಮಗಳೋ ಸೊಸೆಯೋ ಇದನ್ನೆಲ್ಲ ಬಂದವರಿಗೆಲ್ಲ ಮತ್ತೆ ಮತ್ತೆ ಹೇಳುತ್ತಾರೆ. ಕೇಳಿದವರು, ಪಾಪ, ಹೋಗಲಿ ಬಿಡಿ, ನೋವಿನಿಂದ ಬಿಡುಗಡೆಯಾಯಿತು ಎಂದು ಏಳುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ವೈಕುಂಠ ಸಮಾರಾಧನೆಯ ಹೊತ್ತಿಗೆ ಆ ಕಥೆ ಎಷ್ಟು ಸಲ ಹೇಳಿಸಿಕೊಂಡಿರುತ್ತದೆಂದರೆ, ಸತ್ತವರ ಕಥೆಯೆಂದರೆ ಅದೊಂದೇ ಆಗಿಬಿಟ್ಟಿರುತ್ತದೆ. ಪತ್ರಿಕೆಗೆ ಕೊಡುವ ಶ್ರದ್ಧಾಂಜಲಿಯಲ್ಲಿ ಅದರ ಮೇಲೆ ಸಹನಾಮೂರ್ತಿ, ತ್ಯಾಗಮಯಿ ಎಂಬ ಎರಡು ಮಾತು ಸೇರುತ್ತವೆ. ಆಕೆ ಯಾರಾಗಿದ್ದಳು ಎಂಬ ಪ್ರಶ್ನೆ ಈ ಎರಡರ ನಡುವೆ ಬಿದ್ದುಹೋಗುತ್ತದೆ.

ಕೊನೆಯನ್ನೇ ಇಡೀ ಬದುಕೆಂದು ಭಾವಿಸುವುದು ಮನುಷ್ಯರ ನೆನಪಿಗೆ ಅಂಟಿಕೊಂಡಿರುವ ಒಂದು ದೌರ್ಬಲ್ಯ. ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರಾದದ್ದು. ಕೈಯನ್ನು ಒಂದು ನಿಮಿಷ 14 ಡಿಗ್ರಿಯ ಕೊರೆಯುವ ನೀರಿನಲ್ಲಿ ಅದ್ದಿಡಬೇಕು. ಇನ್ನೊಂದು ಸಲ ಅದೇ ಒಂದು ನಿಮಿಷ, ಅದರ ಮೇಲೆ ಇನ್ನೂ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ನೀರಿನ ಬಿಸಿ ಒಂದೇ ಒಂದು ಡಿಗ್ರಿಯಷ್ಟು ಏರುತ್ತದೆ. ಮತ್ತೊಮ್ಮೆ ಮಾಡಬೇಕೆಂದರೆ ಇವೆರಡರಲ್ಲಿ ಯಾವುದು ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು. ಒಟ್ಟು ನೋವು ಅದರಲ್ಲೇ ಜಾಸ್ತಿ, ಆದರೆ ಕೊನೆ ತುಸು ಹಿತ. ನೋವು ಎಷ್ಟು ಹೊತ್ತು ಇತ್ತು ಎಂಬುದನ್ನು ನೆನಪು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ತುದಿಗೇರಿದ ಗಳಿಗೆಯನ್ನೂ ಮುಗಿದ ಗಳಿಗೆಯನ್ನೂ ಮಾತ್ರ ಇಟ್ಟುಕೊಂಡಿತು.

ಎಡ್ ಡೀನರ್ ಮತ್ತು ಜೊತೆಗಾರರು 2001ರಲ್ಲಿ ಇದನ್ನೇ ಇಡೀ ಬದುಕಿಗೆ ಅನ್ವಯಿಸಿ ನೋಡಿದರು. ಕಲ್ಪನೆಯ ಒಬ್ಬ ಹೆಣ್ಣುಮಗಳು. ಬಹಳ ಸಂತೋಷದಿಂದ ಬದುಕಿ ಒಮ್ಮೆಲೇ ತೀರಿಕೊಂಡಳು ಎಂಬುದು ಒಂದು ಕಥೆ. ಇನ್ನೊಂದರಲ್ಲಿ ಅದೇ ಬದುಕು, ಅದರ ಮೇಲೆ ಇನ್ನೂ ಐದು ವರ್ಷ. ಆ ಐದು ವರ್ಷವೂ ಹಿತವಾದವೇ, ಆದರೆ ಮೊದಲಿನಷ್ಟಲ್ಲ. ಓದಿದವರು ಮೊದಲನೆಯದನ್ನೇ ಹೆಚ್ಚು ಒಳ್ಳೆಯ ಬದುಕು ಎಂದರು. ಕಳೆಗುಂದಿದ ಐದು ವರ್ಷ ಸೇರಿದ್ದಕ್ಕೆ, ಹಿಂದಿನ ಸಂತೋಷದ ವರ್ಷಗಳ ಬೆಲೆಯೂ ಇಳಿದುಹೋಯಿತು. ಈ ಫಲಿತಾಂಶ ನನ್ನನ್ನು ಕಲಕಿದೆ. ಕಲ್ಪನೆಯ ಹೆಣ್ಣುಮಗಳ ಮೇಲೆಯೇ ನಮ್ಮ ಮನಸ್ಸು ಇಷ್ಟು ನಿರ್ದಯವಾದರೆ, ನಾವೇ ರಾತ್ರಿ ಮೂರು ಗಂಟೆಗೆ ಎದ್ದು ಮಗ್ಗುಲು ಬದಲಿಸಿ, ಬೆನ್ನ ಹುಣ್ಣು ಒರೆಸಿ, ಚಮಚದಲ್ಲಿ ಗಂಜಿ ಕುಡಿಸಿದ ನಿಜವಾದ ತಾಯಿಯ ವಿಷಯದಲ್ಲಿ ಅದು ಎಷ್ಟು ನಿರ್ದಯವಾಗಬಹುದು? ಗಾದೆ ಹೇಳುವುದನ್ನೇ ಮನಸ್ಸೂ ಹೇಳುತ್ತದೆ. ಹಾಗೆಂದು ಅದು ಸರಿಯಾಗುವುದಿಲ್ಲ.

ಇಲ್ಲಿ ನಾನು ಒಬ್ಬ ತಾಯಿಯ ಬದುಕನ್ನು ಮುಂದಿಡಬೇಕು. ಎವರೆಸ್ಟ್ ಹತ್ತಿದ ಮೊದಲ ಮಹಿಳೆ ಎಂದು ನಮ್ಮ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಒಂದು ಸಾಲಾಗಿ ಬರುವ ಜುಂಕೊ ತಬೆಯಿ. ಹುಟ್ಟಿದ್ದು 1939ರಲ್ಲಿ, ಜಪಾನಿನ ಫುಕುಶಿಮಾ ಪ್ರಾಂತ್ಯದ ಮಿಹಾರು ಎಂಬ ಊರಲ್ಲಿ. ತುಂಬಿದ ಮನೆ, ಮೈಯಲ್ಲಿ ಶಕ್ತಿಯಿಲ್ಲದ ಹುಡುಗಿ ಎಂಬ ಹೆಸರು. ಹತ್ತನೆಯ ವಯಸ್ಸಿನಲ್ಲಿ ಶಾಲೆಯವರು ನಾಸು ಪರ್ವತಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಬೆಟ್ಟದ ಹುಚ್ಚು ಹಿಡಿಯಿತು. ಮುಂದೆ ಇಂಗ್ಲಿಷ್ ಸಾಹಿತ್ಯ ಓದಿ, ಕೆಲಸಕ್ಕೆ ಸೇರಿ, ಗಂಡಸರೇ ತುಂಬಿದ್ದ ಚಾರಣ ಕೂಟಗಳಿಗೆ ಹೋದಳು. ಗಂಡ ಹುಡುಕಲು ಬಂದಿದ್ದಾಳೆ ಎಂದು ಕೆಲವರು ಆಡಿಕೊಂಡರು. ಜೊತೆಗೆ ಹಗ್ಗ ಕಟ್ಟಿಕೊಳ್ಳಲು ಕೆಲವರು ಒಪ್ಪಲಿಲ್ಲ. 1969ರಲ್ಲಿ ಹೆಂಗಸರದ್ದೇ ಒಂದು ಪರ್ವತಾರೋಹಣ ಕೂಟ ಕಟ್ಟಿದಳು. ಮಾರನೆಯ ವರ್ಷವೇ ಆ ಕೂಟ ನೇಪಾಳದ ಮೂರನೇ ಅನ್ನಪೂರ್ಣ ಶಿಖರ ಏರಿತು.

ಎವರೆಸ್ಟ್‌ಗೆ ಅನುಮತಿ ಕೇಳಿ ವರ್ಷಗಳೇ ಕಾಯಬೇಕಾಯಿತು. ಕಾಯುವಷ್ಟರಲ್ಲಿ ಆಕೆ ತಾಯಿಯಾದಳು. ಹಣ ಕೇಳಲು ಹೋದ ಕಂಪನಿಗಳಲ್ಲಿ ಸಿಕ್ಕ ಉತ್ತರ, ಮನೆಯಲ್ಲಿದ್ದು ಮಕ್ಕಳನ್ನು ಸಾಕಿ ಎಂಬುದು. ಕೊನೆಗಳಿಗೆಯಲ್ಲಿ ಒಂದು ಪತ್ರಿಕೆ ಮತ್ತು ಒಂದು ಟಿ.ವಿ. ವಾಹಿನಿ ಸಹಾಯಕ್ಕೆ ಬಂದರೂ, ತಂಡದ ಒಬ್ಬೊಬ್ಬ ಹೆಂಗಸೂ ಆಗಿನ ಜಪಾನಿನ ಒಂದು ವರ್ಷದ ಸಾಧಾರಣ ಸಂಬಳದಷ್ಟು ಹಣ ಕೈಯಿಂದ ಹಾಕಬೇಕಾಯಿತು. ತಬೆಯಿ ಮಕ್ಕಳಿಗೆ ಪಿಯಾನೊ ಪಾಠ ಹೇಳಿಕೊಟ್ಟು ಹಣ ಕೂಡಿಸಿದಳು. ಹಳೆಯ ಕಾರಿನ ಸೀಟಿನ ಹೊದಿಕೆ ಕತ್ತರಿಸಿ ನೀರು ಇಳಿಯದ ಕೈಗವಸು, ಚೀಲ ಹೊಲಿದಳು. ನನಗೆ ಶಿಖರದ ಚಿತ್ರಕ್ಕಿಂತ ಹೊಲಿಗೆಯ ಈ ಚಿತ್ರವೇ ಹೆಚ್ಚು ಇಷ್ಟ. ಮಗುವನ್ನು ಮಲಗಿಸಿ ರಾತ್ರಿ ಕೂತು ಹಿಮಾಲಯಕ್ಕೆ ಬಟ್ಟೆ ಹೊಲಿಯುವ ತಾಯಿಯಲ್ಲಿ ಮನೆ ಮತ್ತು ಸಾಹಸ ಬೇರೆ ಬೇರೆಯಾಗಿ ನಿಂತಿರಲಾರವು.

ಹದಿನೈದು ಜನರ ತಂಡ 1975ರಲ್ಲಿ ಹೊರಟಾಗ ಆಕೆಯ ಮಗಳಿಗೆ ಮೂರರ ಆಸುಪಾಸು. ಗಂಡ ಮಸನೊಬು ತಾನೂ ಚಾರಣಿಗ. ಮನೆ, ಮಗು ನೋಡಿಕೊಂಡು ಜಪಾನಿನಲ್ಲೇ ಉಳಿದರು. ಮೇ 4ರ ನಡುರಾತ್ರಿ ಸುಮಾರು 6,300 ಮೀಟರ್ ಎತ್ತರದ ಡೇರೆಗಳ ಮೇಲೆ ಹಿಮರಾಶಿ ಕುಸಿಯಿತು. ತಬೆಯಿ ಅದರಡಿ ಸಿಕ್ಕು ಪ್ರಜ್ಞೆ ತಪ್ಪಿದಳು. ಶೆರ್ಪಾಗಳು ಕಾಲು ಹಿಡಿದು ಎಳೆದು ಹೊರತೆಗೆದರು. ನೆಟ್ಟಗೆ ನಡೆಯಲು ಕೆಲವು ದಿನ ಬೇಕಾಯಿತು. ಹನ್ನೆರಡು ದಿನದ ನಂತರ, ಮೇ 16ರಂದು, ಶೆರ್ಪಾ ಅಂಗ್ ತ್ಸೆರಿಂಗ್ ಜೊತೆ ಆಕೆ ತುದಿ ಮುಟ್ಟಿದಳು. ತುದಿಗೆ ಸ್ವಲ್ಪ ಮೊದಲು ಒಂದು ಕತ್ತಿಯಲುಗಿನಂಥ ಏಣು ಸಿಕ್ಕಿತು. ಅದರ ಬಗ್ಗೆ ಹಿಂದೆ ಹತ್ತಿದವರು ಬರೆದಿರಲೇ ಇಲ್ಲವಲ್ಲ ಎಂದು ಆಕೆಗೆ ಸಿಟ್ಟು ಬಂದಿತ್ತಂತೆ. ಅದನ್ನು ದಾಟಿದ್ದು ಹೆಚ್ಚುಕಡಿಮೆ ಅಂಬೆಗಾಲಿಟ್ಟು. ಸರಿಯಾಗಿ ಹನ್ನೊಂದು ದಿನದ ನಂತರ ಉತ್ತರದ ಕಡೆಯಿಂದ ಎವರೆಸ್ಟ್ ಹತ್ತಿದ ಎರಡನೆಯ ಮಹಿಳೆ ಟಿಬೆಟ್‌ನ ಫಾಂಟೋಗ್. ಆಕೆಯೂ ತಾಯಿಯೇ, ಮೂರು ಮಕ್ಕಳ ತಾಯಿ. ಜಗತ್ತಿನ ಅತಿ ಎತ್ತರದ ನೆಲದ ಮೇಲೆ ಕಾಲಿಟ್ಟ ಮೊದಲ ಇಬ್ಬರು ಹೆಂಗಸರೂ ತಾಯಂದಿರು ಎಂಬ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಯಾಕೆ ಬರುವುದಿಲ್ಲವೋ ತಿಳಿಯದು.

ತಬೆಯಿ ಅಲ್ಲಿಗೆ ನಿಲ್ಲಲಿಲ್ಲ. 1978ರಲ್ಲಿ ಮಗ ಹುಟ್ಟಿದ. 1992ರ ಹೊತ್ತಿಗೆ ಏಳೂ ಖಂಡಗಳ ಅತಿ ಎತ್ತರದ ಶಿಖರಗಳನ್ನು ಏರಿದ ಮೊದಲ ಮಹಿಳೆಯಾದಳು. ಅರವತ್ತರ ಹೊತ್ತಿಗೆ ಮತ್ತೆ ವಿಶ್ವವಿದ್ಯಾಲಯ ಸೇರಿ, ಚಾರಣಿಗರು ಎವರೆಸ್ಟ್‌ನಲ್ಲಿ ಬಿಟ್ಟುಬರುವ ಕಸದ ಮೇಲೆ ಸಂಶೋಧನೆ ಮಾಡಿ ಸ್ನಾತಕೋತ್ತರ ಪದವಿ ಪಡೆದಳು. ತನ್ನನ್ನು ಎವರೆಸ್ಟ್ ಹತ್ತಿದ ಮೊದಲ ಮಹಿಳೆ ಅನ್ನುವುದಕ್ಕಿಂತ, ಅದನ್ನು ಹತ್ತಿದ 36ನೆಯ ವ್ಯಕ್ತಿ ಎಂದು ನೆನೆಯುವುದು ತನಗಿಷ್ಟ ಎನ್ನುತ್ತಿದ್ದಳು. ಹೇಗೆ ನೆನೆಯಬೇಕೆಂದು ಸ್ವತಃ ಹೇಳಿಹೋದ ತಾಯಂದಿರು ಅಪರೂಪ. ಹೇಳಿದರೂ ನಾವು ಕೇಳುವುದು ಕಡಿಮೆ.

ಇನ್ನು ಕಾಯಿಲೆ. 2007ರಲ್ಲಿ ಸ್ತನ ಕ್ಯಾನ್ಸರ್. ಅದರಿಂದ ಹೊರಬಂದ ಮೇಲೆ 2012ರಲ್ಲಿ ಹೊಟ್ಟೆಯ ಒಳಪೊರೆಯ ಕ್ಯಾನ್ಸರ್. ಅದು ಹಿಂದಿನ ವರ್ಷದ ಭೂಕಂಪ, ಸುನಾಮಿ ಮತ್ತು ಅಣುಸ್ಥಾವರದ ದುರಂತದಲ್ಲಿ ಆಕೆಯ ಹುಟ್ಟೂರಿನ ಪ್ರಾಂತ್ಯ ನಲುಗಿಹೋಗಿದ್ದ ಕಾಲ. ಚಿಕಿತ್ಸೆ ತೆಗೆದುಕೊಳ್ಳುತ್ತಲೇ ಆಕೆ ಆ ಭಾಗದ ಪ್ರೌಢಶಾಲೆಯ ಹುಡುಗ ಹುಡುಗಿಯರನ್ನು ಪ್ರತಿ ಬೇಸಿಗೆಯಲ್ಲಿ ಫುಜಿ ಪರ್ವತಕ್ಕೆ ಕರೆದುಕೊಂಡು ಹೋಗುವ ಕೆಲಸ ಶುರುಮಾಡಿದಳು. 2016ರ ಜುಲೈಯಲ್ಲಿ ಅವರೊಂದಿಗೆ ಹೊರಟದ್ದೇ ಕೊನೆಯ ಚಾರಣ. ತುದಿಯವರೆಗೆ ಹೋಗಲಾಗಲಿಲ್ಲ, ಸುಮಾರು ಮೂರು ಸಾವಿರ ಮೀಟರ್‌ವರೆಗೆ ಹೋಗಿ, ಮಕ್ಕಳನ್ನು ಮೇಲೆ ಕಳಿಸಿ ಇಳಿದಳು. ಅದೇ ವರ್ಷ ಅಕ್ಟೋಬರ್ 20ರಂದು ಆಸ್ಪತ್ರೆಯಲ್ಲಿ ತೀರಿಕೊಂಡಳು. ವಯಸ್ಸು 77.

ಇದನ್ನು ಕ್ಯಾನ್ಸರ್ ವಿರುದ್ಧದ ವೀರಗಾಥೆಯಾಗಿ ಹೇಳುವ ಆಸೆ ಯಾರಿಗಾದರೂ ಆಗುತ್ತದೆ. ನಮ್ಮಲ್ಲೂ ಈಗ ಅದೇ ರೂಢಿ: ಕಾಯಿಲೆಯೊಂದಿಗೆ ಹೋರಾಡಿ ಕೊನೆಯುಸಿರೆಳೆದರು ಎಂದು ಬರೆಯುತ್ತೇವೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಹೋರಾಟ ಎಂದಮೇಲೆ ಸೋಲು ಗೆಲುವು ಬರಲೇಬೇಕು. ಸತ್ತವರು ಸೋತವರ ಸಾಲಿಗೆ ಸೇರಬೇಕು. ಅಂಡಾಶಯದಿಂದಲೋ ಹೊಟ್ಟೆಯ ಪೊರೆಯಿಂದಲೋ ಹಬ್ಬುವ ಗೆಡ್ಡೆಗೆ ರೋಗಿಯ ಛಲ ಗೊತ್ತಾಗುವುದಿಲ್ಲ. ತಬೆಯಿ ಬದುಕಿದ್ದು ಛಲವಿತ್ತೆಂದಲ್ಲ, ತೀರಿಕೊಂಡಿದ್ದು ಛಲ ಸೋತಿತೆಂದಲ್ಲ. ಕಾಯಿಲೆ ಬಂದಮೇಲೂ ತಾನು ರೋಗಿಯಾಗಲಾರೆ ಎಂಬುದು ಆಕೆಯ ನಿಲುವಾಗಿತ್ತು. ಕಾಯಿಲೆಯನ್ನು ಮಣಿಸುತ್ತೇನೆ ಎಂಬ ಪಂಥ ಆ ಮಾತಿನಲ್ಲಿ ಕಾಣುವುದಿಲ್ಲ. ಉಳಿದ ದಿನಗಳು ನನ್ನವೇ, ಅವನ್ನು ನನಗೆ ಬೇಕಾದಂತೆ ಕಳೆಯುತ್ತೇನೆ ಎಂಬ ಹಕ್ಕು ಅದರಲ್ಲಿದೆ.

ಇಲ್ಲೊಂದು ಎಚ್ಚರವೂ ಬೇಕು. ಕ್ಯಾನ್ಸರ್ ಇಟ್ಟುಕೊಂಡು ಬೆಟ್ಟ ಹತ್ತಿದವಳನ್ನು ಹೊಗಳುವ ಉತ್ಸಾಹದಲ್ಲಿ, ಹಾಸಿಗೆಯಿಂದ ಏಳಲಾಗದೆ ಹೋದ ಇನ್ನೊಬ್ಬ ತಾಯಿಯನ್ನು ಕೀಳು ಮಾಡಿಬಿಡುವ ಅಪಾಯ ಇದೆ. ಪಾರ್ಕಿನ್ಸನ್ ಕಾಯಿಲೆ ಹಿಡಿದವಳು ಬೆಟ್ಟ ಹತ್ತುವುದಿರಲಿ, ಕೈಯಲ್ಲಿ ಲೋಟ ಹಿಡಿಯುವುದೂ ಕಷ್ಟ. ಮರೆವಿನ ಕಾಯಿಲೆಯವಳಿಗೆ ತಾನು ಹತ್ತಿದ ಬೆಟ್ಟದ ಹೆಸರೂ ನೆನಪಿರುವುದಿಲ್ಲ. ಅವಳ ಕೊನೆಯ ವರ್ಷಗಳಲ್ಲಿ ಸಾಹಸ ಹುಡುಕಿ ಸಿಗದಿದ್ದರೆ ಆಕೆ ಸಾಹಸಿಯೇ ಅಲ್ಲ ಅನ್ನುವುದಾದರೆ, ನಾವು ಮತ್ತೆ ಮರಣದಲ್ಲೇ ಗುಣ ನೋಡುತ್ತಿದ್ದೇವೆ ಎಂದಾಯಿತು. ತಬೆಯಿ 2014ರಲ್ಲೇ ಹಾಸಿಗೆ ಹಿಡಿದಿದ್ದರೂ 1975ರ ಆ ಏಣನ್ನು ದಾಟಿದವಳು ಆಕೆಯೇ. ಆದದ್ದನ್ನು ಆಗಲಿಲ್ಲವೆನ್ನಿಸುವ ಶಕ್ತಿ ಯಾವ ಕಾಯಿಲೆಗೂ ಇಲ್ಲ.

ಸಾಹಸಿ ತಾಯಿಯ ನೆನಪನ್ನು ಕೆಡಿಸುವುದು ಕಾಯಿಲೆ ಒಂದೇ ಅಲ್ಲ. ತಾಯಿಯೆಂದರೆ ಹೀಗಿರಬೇಕು ಎಂಬ ನಮ್ಮ ಕಟ್ಟುನಿಟ್ಟೂ ಕೆಡಿಸುತ್ತದೆ. ಬ್ರಿಟನ್ನಿನ ಆಲಿಸನ್ ಹಾರ್ಗ್ರೀವ್ಸ್ 1995ರ ಮೇ ತಿಂಗಳಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ, ಸಾಮಾನು ಹೊರಲು ಯಾರೂ ಇಲ್ಲದೆ ಎವರೆಸ್ಟ್ ಏರಿ, ಅಲ್ಲಿಂದಲೇ ತನ್ನ ಇಬ್ಬರು ಮಕ್ಕಳಿಗೆ ರೇಡಿಯೊದಲ್ಲಿ ಪ್ರೀತಿಯ ಸಂದೇಶ ಕಳಿಸಿದ್ದಳು. ಅದೇ ವರ್ಷ ಆಗಸ್ಟ್ 13ರಂದು ಕೆ2 ಶಿಖರ ಮುಟ್ಟಿ ಇಳಿಯುವಾಗ ಬಿರುಗಾಳಿಗೆ ಸಿಕ್ಕಿ ಸತ್ತಳು. ವಯಸ್ಸು 33. ಮಕ್ಕಳಿಗೆ ಆರು ಮತ್ತು ನಾಲ್ಕು. ಆಕೆಯ ದೇಶದ ಪತ್ರಿಕೆಗಳಲ್ಲಿ ಸಂತಾಪದ ಬೆನ್ನಿಗೇ ವಿಚಾರಣೆ ಶುರುವಾಯಿತು: ಇಷ್ಟು ಚಿಕ್ಕ ಮಕ್ಕಳನ್ನು ಬಿಟ್ಟು ಹೋಗುವ ಹಕ್ಕು ತಾಯಿಗಿದೆಯೇ? ಬೆಟ್ಟಗಳಲ್ಲಿ ಸತ್ತ ತಂದೆಯರ ಬಗ್ಗೆ ಆ ಪ್ರಶ್ನೆಯನ್ನು ಯಾರೂ ಅಷ್ಟು ಜೋರಾಗಿ ಕೇಳಿದ್ದಿಲ್ಲ. ಆಕೆಯ ಗಂಡ ಮಕ್ಕಳಿಬ್ಬರನ್ನೂ ಪಾಕಿಸ್ತಾನಕ್ಕೆ ಕರೆದುಕೊಂಡು ಹೋಗಿ, ಅಮ್ಮನ ಕೊನೆಯ ಬೆಟ್ಟವನ್ನು ದೂರದಿಂದ ತೋರಿಸಿದರು. ಮಗ ಟಾಮ್ ದೊಡ್ಡವನಾಗಿ ತಾನೂ ಪರ್ವತಾರೋಹಿಯಾದ. 2019ರಲ್ಲಿ ನಂಗಾ ಪರ್ವತದಲ್ಲಿ ತೀರಿಕೊಂಡ. ಬೆಟ್ಟದಲ್ಲಿ ಸತ್ತವಳನ್ನು ಯಾಕೆ ಹೋದೆ ಎಂದು ಕೇಳುತ್ತೇವೆ. ಹಾಸಿಗೆಯಲ್ಲಿ ಸತ್ತವಳು ಬೆಟ್ಟಕ್ಕೆ ಹೋಗಿದ್ದಳೆಂಬುದನ್ನೇ ಮರೆಯುತ್ತೇವೆ.

ಆದರೂ ಆ ಪ್ರಶ್ನೆಯನ್ನು ಒದ್ದು ಆಚೆ ತಳ್ಳುವುದು ಸರಿಯಲ್ಲ. ತಿಂಗಳುಗಟ್ಟಲೆ ಅಮ್ಮನಿಲ್ಲದ ಮನೆಯಲ್ಲಿ ಮಗುವಿಗೆ ನೋವಾಗುತ್ತದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಬಾರದ ಅಮ್ಮ, ಜ್ವರ ಬಂದ ದಿನ ಬೇರೆ ಊರಲ್ಲಿದ್ದ ಅಮ್ಮ: ಇವು ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತವೆ. ಸಾಹಸಿ ತಾಯಿಯನ್ನು ಪ್ರೀತಿಯಿಂದ ನೆನೆಯುವುದೆಂದರೆ ಈ ಮುನಿಸನ್ನು ಅಳಿಸಿಹಾಕಬೇಕೆಂದಿಲ್ಲ. ಮುನಿಸು ಇದ್ದಲ್ಲಿ ಇದೆ ಎಂದೇ ಹೇಳಬೇಕು. ತೊಳೆದು ಹೊಳಪು ಕೊಟ್ಟ ತಾಯಿಯ ಮೇಲೆ ಭಕ್ತಿ ಹುಟ್ಟಬಹುದು, ಹತ್ತಿರ ಹೋಗಲಾಗುವುದಿಲ್ಲ. ತಂದೆಯರ ವಿಷಯದಲ್ಲಿ ನಾವು ಇದನ್ನು ಎಂದೋ ಒಪ್ಪಿದ್ದೇವೆ. ಅಪ್ಪ ಸಿಡುಕ, ಊರು ಸುತ್ತುವ ಖಯಾಲಿ, ಆದರೂ ದೊಡ್ಡ ಮನುಷ್ಯ ಎಂದು ಹೇಳಲು ನಮಗೆ ಅಂಜಿಕೆಯಿಲ್ಲ. ಅಮ್ಮನಿಗೆ ಇಷ್ಟು ಅವಕಾಶ ಕೊಡಲು ಮಾತ್ರ ಹಿಂಜರಿಯುತ್ತೇವೆ.

ನಮ್ಮ ಮನೆಗಳ ಅಮ್ಮಂದಿರು ಎವರೆಸ್ಟ್ ಹತ್ತಿದವರಲ್ಲ, ನಿಜ. ಆದರೆ ಸಾಹಸವನ್ನು ಮೀಟರಿನಲ್ಲಿ ಅಳೆಯುವುದು ತಪ್ಪು. 1960ರ ದಶಕದಲ್ಲಿ ಸೈಕಲ್ ಕಲಿತು ಹಳ್ಳಿಯ ಬೀದಿಯಲ್ಲಿ ಹೊಡೆದ ಮಾಸ್ತರಿಣಿ, ಮಲೆನಾಡಿನ ಮಳೆಗಾಲದಲ್ಲಿ ಕಾಲುಸಂಕ ದಾಟಿ ಬಾಣಂತಿಯ ಮನೆಗೆ ಓಡಿದ ದಾದಿ, ನಲವತ್ತಕ್ಕೆ ಈಜು ಕಲಿಯಲು ಬಾವಿಗೆ ಹಾರಿದ ಅತ್ತಿಗೆ, ಗಂಡ ಬರಲೊಲ್ಲೆನೆಂದಾಗ ಪಕ್ಕದ ಮನೆಯಾಕೆಯನ್ನು ಕಟ್ಟಿಕೊಂಡು ಕಾಶಿಗೆ ರೈಲು ಹತ್ತಿದ ಅಜ್ಜಿ, ಮೀಸಲಾತಿಯಿಂದ ಸಿಕ್ಕ ಪಂಚಾಯಿತಿ ಕುರ್ಚಿಯಲ್ಲಿ ನಿಜವಾಗಿಯೂ ಕೂತು ಕೆಲಸ ಮಾಡಿದ ಹೆಂಗಸು. ಇಂಥವರು ನಮ್ಮ ಪ್ರತಿ ಊರಿನಲ್ಲೂ ಇದ್ದರು, ಇದ್ದಾರೆ. ಅವರು ದಾಟಿದ ಏಣಿನ ಬಗ್ಗೆಯೂ ಹಿಂದಿನವರು ಬರೆದಿಟ್ಟಿರಲಿಲ್ಲ. ಲೇಖಕಿ ನೇಮಿಚಂದ್ರರಂಥವರು ಪೆರುವಿನವರೆಗೆ ಹೋಗಿಬಂದು ಪುಸ್ತಕ ಬರೆದರು, ಕನ್ನಡದ ಹೆಣ್ಣುಮಕ್ಕಳಿಗೆ ಅದರಿಂದ ಬಲ ಬಂತು. ಆದರೆ ಬರೆಯದೆ ಹೋದ ತಾಯಂದಿರ ತಿರುಗಾಟದ ಕಥೆ ಇರುವುದು ಅವರ ಮಕ್ಕಳ ಬಾಯಲ್ಲಿ. ಆ ಬಾಯಿ ಬರೀ ಆಸ್ಪತ್ರೆಯ ಕಥೆ ಹೇಳುತ್ತಿದ್ದರೆ ಅದೂ ಮುಗಿಯಿತು.

ಹೋಗಬೇಕೆಂದಿದ್ದೂ ಹೋಗಲಾಗದ ತಾಯಂದಿರ ಸಂಖ್ಯೆ ಇದಕ್ಕಿಂತ ದೊಡ್ಡದು. ಮೈಸೂರಿನ ಕೃಷ್ಣಕುಮಾರ್ ಕೆಲಸ ಬಿಟ್ಟು, ತಂದೆ ಕೊಡಿಸಿದ್ದ ಹಳೆಯ ಚೇತಕ್ ಸ್ಕೂಟರಿನ ಹಿಂದೆ ಎಪ್ಪತ್ತರ ತಾಯಿಯನ್ನು ಕೂರಿಸಿಕೊಂಡು 2018ರಲ್ಲಿ ದೇಶ ಸುತ್ತಲು ಹೊರಟದ್ದು ಎಲ್ಲರಿಗೂ ಗೊತ್ತು. ಕೂಡುಕುಟುಂಬದ ಅಡುಗೆಮನೆಯಲ್ಲೇ ಬದುಕು ಕಳೆದ ಆ ತಾಯಿ ಹತ್ತಿರದ ಊರುಗಳನ್ನೂ ನೋಡಿರಲಿಲ್ಲ ಎಂಬುದು ಮಗನಿಗೆ ಒಂದು ಮಾತಿನ ನಡುವೆ ತಿಳಿದದ್ದು. ಇದನ್ನು ಎಲ್ಲರೂ ಮಗನ ಮಾತೃಭಕ್ತಿಯ ಕಥೆಯಾಗಿ ಹೇಳಿದರು. ನಾನು ಆ ತಾಯಿಯ ಕಡೆಯಿಂದ ನೋಡಲು ಇಷ್ಟಪಡುತ್ತೇನೆ. ಎಪ್ಪತ್ತರಲ್ಲಿ ಸ್ಕೂಟರಿನ ಹಿಂಬದಿ ಸೀಟಿನಲ್ಲಿ ಮಳೆ ಬಿಸಿಲಿಗೆ ಮೈಯೊಡ್ಡಿ ರಾಜ್ಯದಿಂದ ರಾಜ್ಯಕ್ಕೆ ಹೋಗಲು ಒಪ್ಪಿದವಳ ಒಳಗೆ ಆ ಹಂಬಲ ಎಷ್ಟು ವರ್ಷದಿಂದ ಕಾದಿರಬೇಕು! ಅಂಥವಳನ್ನು ಮುಂದೆ ಯಾರಾದರೂ ತ್ಯಾಗಮಯಿ ಎಂದಷ್ಟೇ ಹೇಳಿ ಮುಗಿಸಿದರೆ, ಆಕೆ ಬಿಟ್ಟುಕೊಟ್ಟದ್ದು ಉಳಿಯುತ್ತದೆ, ಬಯಸಿದ್ದು ಅಳಿಯುತ್ತದೆ.

ನನ್ನ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪ ಇದೆ, ಅದು ಆರೈಕೆ ಮಾಡಿದವರದು. ಮೂರು ವರ್ಷ ಹಗಲು ರಾತ್ರಿ ಅಮ್ಮನ ಮಂಚದ ಪಕ್ಕ ಕಳೆದ ಮಗಳು ಹೇಳಬಹುದು: ನೀವು ಹೇಳುವ ಬೆಟ್ಟ, ಸೈಕಲ್ಲು, ಕಾಶಿ ಇವೆಲ್ಲ ಬೇರೆಯವರ ಅಮ್ಮ, ನನಗೆ ಸಿಕ್ಕಿದ್ದು ಈ ಅಮ್ಮ. ಅವಳ ಅಂಗೈ ಹಗುರಾದದ್ದು, ಔಷಧದ ವಾಸನೆ, ನೋವಿನಲ್ಲೂ ನೀನು ಉಂಡೆಯಾ ಎಂದು ಕೇಳಿದ್ದು, ಇವನ್ನು ಮರೆತು ಹಳೆಯ ಫೋಟೊ ನೋಡು ಅಂದರೆ ನನ್ನ ಮೂರು ವರ್ಷ ಎಲ್ಲಿ ಹೋಯಿತು? ಈ ಮಾತಿಗೆ ನಾನು ತಲೆಬಾಗುತ್ತೇನೆ. ಕಾಯಿಲೆಯ ವರ್ಷಗಳನ್ನು ಬದುಕಿನಿಂದ ಕತ್ತರಿಸಿ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಅವೂ ಆಕೆ ಬದುಕಿದ ವರ್ಷಗಳೇ, ಆ ಮಗಳ ಪಾಲಿಗೆ ಬಹುಶಃ ಅತ್ಯಂತ ಆಪ್ತವಾದವು. ಅವು ಮೂರು ವರ್ಷದ ಜಾಗದಲ್ಲಿರಲಿ, ಎಪ್ಪತ್ತೈದು ವರ್ಷದ ಜಾಗವನ್ನು ಆಕ್ರಮಿಸದಿರಲಿ ಎಂಬಷ್ಟೇ ನನ್ನ ಬೇಡಿಕೆ. ಇದು ತಾನಾಗಿ ಆಗುವುದಿಲ್ಲ. ನೀರಿನ ಪ್ರಯೋಗ ತೋರಿಸಿದಂತೆ ಮನಸ್ಸು ಕೊನೆಯ ಕಡೆಗೇ ವಾಲುತ್ತದೆ. ಅದನ್ನು ಇನ್ನೊಂದು ಕಡೆಗೆ ಎಳೆಯಲು ಕೆಲಸ ಮಾಡಬೇಕಾಗುತ್ತದೆ.

ಆ ಕೆಲಸ ಶುರುವಾಗಬೇಕಾದದ್ದು ಸಾವಿನ ನಂತರವಲ್ಲ, ಕಾಯಿಲೆಯ ಕೋಣೆಯಲ್ಲೇ. ದಾದಿಯಾಗಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ವೈದ್ಯೆಯಾಗಿ ದುಡಿದ ಸಿಸೆಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಉಪಶಮನ ಕೇಂದ್ರ ತೆರೆದಳು. ಆಕೆ ಹೇಳುತ್ತಿದ್ದುದು ಇದನ್ನೇ: ಸಾಯುವವರ ನೋವು ಬರೀ ಮೈಯದಲ್ಲ, ಮನಸ್ಸಿನದು, ಮನೆಯದು, ಬದುಕಿಗೆ ಏನರ್ಥ ಎಂಬ ಪ್ರಶ್ನೆಯದು, ನಾಲ್ಕನ್ನೂ ಒಟ್ಟಿಗೆ ನೋಡಬೇಕು. ಬೆಂಗಳೂರಿನ ಕರುಣಾಶ್ರಯದಂಥ ಕೇಂದ್ರಗಳು ನಮ್ಮಲ್ಲಿ ಈ ದಾರಿಯಲ್ಲಿ ಕೆಲಸ ಮಾಡುತ್ತಿವೆ. ಕೆನಡಾದ ಮನೋವೈದ್ಯ ಹಾರ್ವಿ ಚೋಚಿನೊವ್ 2005ರಲ್ಲಿ ಪ್ರಕಟಿಸಿದ ಒಂದು ವಿಧಾನ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಕೊನೆಯ ಹಂತದ ರೋಗಿಯ ಪಕ್ಕ ಕೂತು ಕೇಳುವುದು: ನಿಮ್ಮ ಬದುಕಿನ ಕಥೆ ಹೇಳಿ, ನೀವು ಅತ್ಯಂತ ಜೀವಂತವಾಗಿದ್ದೀರಿ ಅನ್ನಿಸಿದ ಕಾಲ ಯಾವುದು, ಮನೆಯವರು ನಿಮ್ಮ ಬಗ್ಗೆ ಏನು ತಿಳಿದಿರಬೇಕು? ಉತ್ತರವನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ತಿದ್ದಿ, ಅವರಿಗೇ ಓದಿ ಹೇಳಿ, ಕೊನೆಗೆ ಮನೆಯವರ ಕೈಗೆ ಕೊಡುವುದು. ಇದರಲ್ಲಿ ಭಾಗವಹಿಸಿದವರಲ್ಲಿ ಹೆಚ್ಚಿನವರು ತಮ್ಮ ಘನತೆ ಹೆಚ್ಚಿತು ಎಂದರು.

ಇದಕ್ಕೆ ವೈದ್ಯರೇ ಬೇಕೆಂದಿಲ್ಲ. ಮೊಬೈಲ್ ಇದ್ದರೆ ಸಾಕು, ಕೇಳಿಸಿಕೊಳ್ಳುವ ವ್ಯವಧಾನ ಇದ್ದರೆ ಸಾಕು. ಅಮ್ಮಾ, ಊಟ ಸೇರಿತಾ, ಮಾತ್ರೆ ತಗೊಂಡ್ಯಾ ಎಂಬ ಪ್ರಶ್ನೆಗಳ ನಡುವೆ, ಅಮ್ಮಾ, ನೀನು ಮೊದಲ ಸಲ ಸಮುದ್ರ ನೋಡಿದ್ದು ಎಲ್ಲಿ ಎಂದೂ ಕೇಳಬಹುದು. ಅಪ್ಪ ಬೇಡ ಅಂದರೂ ಹೋದದ್ದು ಯಾವ ಊರಿಗೆ? ಭಯವಾಗಲಿಲ್ಲವಾ? ನಮ್ಮನ್ನು ಬಿಟ್ಟುಹೋಗುವಾಗ ಏನನ್ನಿಸಿತ್ತು? ಈ ಕೊನೆಯ ಪ್ರಶ್ನೆ ಕೇಳುವುದು ಕಷ್ಟ. ಅದಕ್ಕೆ ಬರುವ ಉತ್ತರ ಇನ್ನೂ ಕಷ್ಟದ್ದಿರಬಹುದು: ಅಳು ಬಂದಿತ್ತು ಎನ್ನಬಹುದು, ಅಥವಾ ಬಸ್ಸು ಊರು ದಾಟಿದಮೇಲೆ ಖುಷಿಯಾಗಿತ್ತು ಎನ್ನಬಹುದು. ಎರಡನ್ನೂ ಕೇಳಿಸಿಕೊಳ್ಳುವ ಧೈರ್ಯ ಮಕ್ಕಳಿಗೆ ಬೇಕು.

ಸಾವಿನ ನಂತರದ ಕೆಲಸವೂ ಇದೆ. ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ದುಃಖ ಮುಗಿಸುವ ದಾರಿ ಎಂದು ಪಶ್ಚಿಮದ ಮನೋವಿಜ್ಞಾನ ಬಹುಕಾಲ ನಂಬಿತ್ತು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ ಸಂಪಾದಿಸಿದ ಒಂದು ಪುಸ್ತಕ ಆ ನಂಬಿಕೆಯನ್ನು ಅಲುಗಾಡಿಸಿತು. ಹೆಚ್ಚಿನವರು ಸತ್ತವರೊಂದಿಗಿನ ನಂಟನ್ನು ಕಡಿದುಕೊಳ್ಳುವುದಿಲ್ಲ, ಅದರ ರೂಪ ಬದಲಿಸಿ ಮುಂದುವರಿಸುತ್ತಾರೆ, ಅದರಲ್ಲಿ ರೋಗವೇನೂ ಇಲ್ಲ ಎಂದು ಅದು ತೋರಿಸಿತು. ಪ್ರತಿ ವರ್ಷ ತಿಥಿ ಮಾಡುವ, ಅಮ್ಮನಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುವ ನಮಗೆ ಇದು ಹೊಸತಲ್ಲ. ಆದರೆ ತಿಥಿಯ ದಿನ ಅಮ್ಮನಿಗೆ ಇಷ್ಟವಾದ ಕಜ್ಜಾಯ ಯಾವುದೆಂದು ನೆನೆಯುವ ನಾವು, ಅಮ್ಮನಿಗೆ ಇಷ್ಟವಾದ ದಾರಿ ಯಾವುದಿತ್ತೆಂದು ನೆನೆಯುವುದಿಲ್ಲ. ಎಡೆಯ ಜೊತೆ ಅದೂ ಬರಲಿ. ಮೊಮ್ಮಕ್ಕಳನ್ನು ಕರೆದುಕೊಂಡು ಆಕೆ ಹತ್ತಿದ ಗುಡ್ಡ ಹತ್ತಿಬರಲಿ. ಆಕೆ ಕೆಲಸ ಮಾಡಿದ ಶಾಲೆಗೆ ಹೋಗಿ, ಮಳೆಗಾಲದಲ್ಲಿ ಆಕೆ ದಾಟುತ್ತಿದ್ದ ಹಳ್ಳ ಎಷ್ಟು ಅಗಲವಿದೆ ಎಂದು ನಿಂತು ನೋಡಲಿ. ಶ್ರದ್ಧಾಂಜಲಿಗೆ ಕೊಡುವ ಫೋಟೊ ಕೊನೆಯ ವರ್ಷದ್ದೇ ಯಾಕಾಗಬೇಕು? ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾವುದೋ ಬಂಡೆಯ ಮೇಲೆ ನಿಂತ ಮಸುಕು ಫೋಟೊ ಇದ್ದರೆ ಅದನ್ನೇ ಕೊಡಬಹುದು.

ಜುಂಕೊ ತಬೆಯಿಯ ಮನೆಯವರು ಇದನ್ನೇ ಮಾಡಿದರು. ಆಕೆ ಹೋದ ಮೇಲೆ ಫುಜಿಯ ಚಾರಣ ನಿಲ್ಲಲಿಲ್ಲ. ಮಗ ಅದರ ಹೊಣೆ ಹೊತ್ತ. ಭೂಕಂಪದ ಹೊಡೆತ ತಿಂದ ಪ್ರಾಂತ್ಯದ ಸಾವಿರ ಮಕ್ಕಳನ್ನಾದರೂ ಆ ಬೆಟ್ಟಕ್ಕೆ ಕರೆದೊಯ್ಯಬೇಕೆಂಬ ಗುರಿಯಿಟ್ಟುಕೊಂಡು ಬೇಸಿಗೆಯ ಆ ಚಾರಣ ಮುಂದುವರಿಯಿತು. ಆ ಮಕ್ಕಳು ಆಕೆಯನ್ನು ಆಸ್ಪತ್ರೆಯಲ್ಲಿ ನೋಡಿದವರಲ್ಲ. ಆಕೆಯ ಬಗ್ಗೆ ಅವರು ಮೊದಲು ತಿಳಿಯುವುದು ಬೆಟ್ಟದ ದಾರಿಯಲ್ಲಿ, ಏದುಸಿರು ಬಿಡುತ್ತಾ.